ಕರೆಂಟು ಇದ್ದಾಗಲೂ ಹೋದಾಗಲೂ: ಬ್ಯಾಟರಿ ಬ್ಯಾಕಪ್ ಬೆಳೆದುಬಂದ ದಾರಿ

ಕೊಡಗಿನ ಗಾಳಿಬೀಡಿನ ಕಡೆಯ ವಿದ್ಯುತ್ ಲೈನು ಕಾಫಿ ತೋಟ, ಕಾಡುಗಳ ಮರಗಳ ನಡುವೆಯೇ ಸಾಗಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂನ ಲೈನ್‌ಮನ್ ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಳ್ಳುತ್ತ ಲೈನಿನುದ್ದಕ್ಕೂ ನಡೆದು, ಕೊಂಬೆ ಬಿದ್ದ ಜಾಗ ಹುಡುಕಿ, ಕಡಿದು, ತಂತಿ ಎಳೆದು ಕಟ್ಟುವವರೆಗೆ ಕಾಯಬೇಕು. ಕೆಲವೊಮ್ಮೆ ಎರಡು ಗಂಟೆ, ಕೆಲವೊಮ್ಮೆ ಎರಡು ದಿನ. ಆ ಹೊತ್ತಿನಲ್ಲೂ ನಡೆಯಲೇಬೇಕಾದ ಸಣ್ಣಪುಟ್ಟ ಯಂತ್ರಗಳು ಊರಿನಲ್ಲಿ ಎಷ್ಟೋ ಇವೆ. ಮನೆಯ ವೈಫೈ ರೂಟರ್, ಪಂಚಾಯಿತಿ ಕಚೇರಿಯ ಕಂಪ್ಯೂಟರ್, ನವೋದಯ ವಿದ್ಯಾಲಯದಂಥ ವಸತಿ ಶಾಲೆಯ ರಾತ್ರಿ ದೀಪ, ಮೊಬೈಲ್ ಟವರ್. ಇವೆಲ್ಲಕ್ಕೂ ಏರ್ಪಾಡು ಮೂಲತಃ ಒಂದೇ. ಕರೆಂಟು ಇರುವಾಗ ಅದರಿಂದಲೇ ಯಂತ್ರ ನಡೆಯಬೇಕು, ಜೊತೆಗೆ ಬ್ಯಾಟರಿಯೂ ಚಾರ್ಜ್ ಆಗಬೇಕು. ಕರೆಂಟು ಹೋದ ಕ್ಷಣ ಬ್ಯಾಟರಿ ಕೆಲಸ ವಹಿಸಿಕೊಳ್ಳಬೇಕು.

ಹೇಳಲು ಸುಲಭವಾದ ಈ ಏರ್ಪಾಡಿನ ಹಿಂದೆ ಸುಮಾರು ಒಂದೂವರೆ ಶತಮಾನದ ಎಂಜಿನಿಯರಿಂಗ್ ಇದೆ. ಅದನ್ನು ತಿಳಿದುಕೊಳ್ಳದೆ ನಾವು ವರ್ಷ ವರ್ಷ ಬ್ಯಾಟರಿ ಬದಲಾಯಿಸುತ್ತಿದ್ದೇವೆ, ದೂರನ್ನು ಬ್ಯಾಟರಿಯ ಮೇಲೆ ಹೊರಿಸುತ್ತಿದ್ದೇವೆ. ನನಗೆ ಕಂಡಂತೆ ತಪ್ಪು ಬಹುತೇಕ ಬ್ಯಾಟರಿಯದಲ್ಲ, ಅದಕ್ಕೆ ಊಟ ಬಡಿಸುವ ಸರ್ಕ್ಯೂಟಿನದು.

ತೊಡಕು ಎಲ್ಲಿದೆ?

ಲೆಡ್-ಆಸಿಡ್ ಬ್ಯಾಟರಿಯ ಒಂದು ಸೆಲ್ಲಿನ ವೋಲ್ಟೇಜ್ ಸುಮಾರು 2. ಇಂಥ ಆರು ಸೆಲ್ ಸೇರಿದರೆ 12 ವೋಲ್ಟಿನ ಬ್ಯಾಟರಿ. ಪೂರ್ತಿ ಚಾರ್ಜಾಗಿ ಸುಮ್ಮನೆ ಕುಳಿತಾಗ ಇದು 12.7 ವೋಲ್ಟಿನ ಆಸುಪಾಸು ತೋರಿಸುತ್ತದೆ. ಚಾರ್ಜ್ ಮಾಡಲು ಇದಕ್ಕಿಂತ ಹೆಚ್ಚಿನ ವೋಲ್ಟೇಜ್ ಕೊಡಬೇಕು. ಆದರೆ ಆ ಹೆಚ್ಚಳಕ್ಕೆ ಒಂದು ಮಿತಿಯಿದೆ. ಸೆಲ್ಲಿಗೆ 2.4 ವೋಲ್ಟಿನ ಹತ್ತಿರ ಹೋದರೆ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕವಾಗಿ ಗುಳ್ಳೆಯೇಳತೊಡಗುತ್ತದೆ. ಸದಾ ಅದೇ ಮಟ್ಟದಲ್ಲಿ ಇಟ್ಟರೆ ಬ್ಯಾಟರಿ ಒಣಗುತ್ತದೆ, ಧನ ಫಲಕದ ಸೀಸ ಕೊರೆದುಹೋಗುತ್ತದೆ. ಕಡಿಮೆ ಕೊಟ್ಟರೆ ಬೇರೆಯೇ ರೋಗ. ಡಿಸ್‌ಚಾರ್ಜ್ ಆಗುವಾಗ ಫಲಕಗಳ ಮೇಲೆ ಹುಟ್ಟುವ ಸೀಸದ ಸಲ್ಫೇಟ್ ಮರಳಿ ಕರಗದೆ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಇದಕ್ಕೆ ಸಲ್ಫೇಷನ್ ಎನ್ನುತ್ತಾರೆ. ಎರಡರ ನಡುವೆ ಒಂದು ಇಕ್ಕಟ್ಟಾದ ಜಾಗವಿದೆ: ಸೆಲ್ಲಿಗೆ 2.25ರಿಂದ 2.30, ಅಂದರೆ 12 ವೋಲ್ಟಿನ ಬ್ಯಾಟರಿಗೆ 13.5ರಿಂದ 13.8. ಇದೇ ಫ್ಲೋಟ್ ವೋಲ್ಟೇಜ್. ಈ ಮಟ್ಟದಲ್ಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಕಟ್ಟಿಟ್ಟರೂ ಅದು ತನ್ನಿಂದ ತಾನೇ ಸೋರಿಹೋಗುವಷ್ಟನ್ನು ಮಾತ್ರ ತುಂಬಿಕೊಂಡು ತೆಪ್ಪಗಿರುತ್ತದೆ.

ಅಂಗಡಿಯಲ್ಲಿ ಸಿಗುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಪುಟ್ಟ ಸೀಲ್ಡ್ ಬ್ಯಾಟರಿಯನ್ನು ಕೈಗೆತ್ತಿಕೊಂಡು ಮೈಮೇಲಿನ ಬರಹ ಓದಿ. ಬಹುಪಾಲು ಬ್ಯಾಟರಿಗಳ ಮೇಲೆ ಎರಡು ಸಾಲು ಇರುತ್ತದೆ. ‘ಸ್ಟ್ಯಾಂಡ್‌ಬೈ ಯೂಸ್’ ಎಂಬಲ್ಲಿ 13.5ರಿಂದ 13.8 ವೋಲ್ಟ್, ‘ಸೈಕಲ್ ಯೂಸ್’ ಎಂಬಲ್ಲಿ 14.4ರಿಂದ 15 ವೋಲ್ಟ್. ಕೆಳಗೆ, ಆರಂಭದ ಕರೆಂಟ್ 2.1 ಆಂಪಿಯರ್ ಮೀರಬಾರದೆಂಬ ಸೂಚನೆ. ಈ ವಿಷಯದ ಸಾರವೆಲ್ಲ ಆ ಮೂರು ಸಾಲಿನಲ್ಲಿದೆ. ಸದಾ ಕರೆಂಟಿಗೆ ಕಟ್ಟಿಟ್ಟು, ಅಪರೂಪಕ್ಕೆ ಬಳಸುವ ಬ್ಯಾಟರಿಗೆ ಒಂದು ವೋಲ್ಟೇಜ್. ದಿನವೂ ಖಾಲಿ ಮಾಡಿ ದಿನವೂ ತುಂಬಿಸುವ ಬ್ಯಾಟರಿಗೆ ಇನ್ನೊಂದು. ಗಾಳಿಬೀಡಿನಲ್ಲಿ ಬೇಸಿಗೆಯಲ್ಲಿ ಮೊದಲನೆಯದು ಸರಿ, ಮಳೆಗಾಲದಲ್ಲಿ ಎರಡನೆಯದು ಬೇಕಾಗುತ್ತದೆ. ಸಾಮಾನ್ಯ ಸರ್ಕ್ಯೂಟುಗಳಿಗೆ ಈ ಋತುಭೇದ ಗೊತ್ತಿಲ್ಲ.

ಇದರ ಮೇಲೆ ಯಂತ್ರವನ್ನೂ ಅದೇ ತಂತಿಗೆ ಕಟ್ಟಿದರೆ ಗೊಂದಲ ಇಮ್ಮಡಿ. ಬ್ಯಾಟರಿಗೆ ಹೊತ್ತುಹೊತ್ತಿಗೆ ಬೇರೆಬೇರೆ ವೋಲ್ಟೇಜ್ ಬೇಕು, ಯಂತ್ರಕ್ಕೆ ಸದಾ ಒಂದೇ ಬೇಕು. ಒಂದೇ ಮೂಲದಿಂದ ಈ ಇಬ್ಬರನ್ನೂ ತೃಪ್ತಿಪಡಿಸುವುದು ಹೇಗೆ ಎಂಬುದೇ ಈ ಕ್ಷೇತ್ರದ ಚರಿತ್ರೆ.

ಡೈನಮೋ ಕಾಲ, ರೈಲಿನ ದೀಪ

ಫ್ರಾನ್ಸಿನ ಗಾಸ್ಟಾನ್ ಪ್ಲಾಂಟೆ ಲೆಡ್-ಆಸಿಡ್ ಬ್ಯಾಟರಿಯನ್ನು ರೂಪಿಸಿದ್ದು 1859ರಲ್ಲಿ. ಆಗ ಚಾರ್ಜ್ ಮಾಡಲು ಡೈನಮೋ ಇನ್ನೂ ಬಳಕೆಗೆ ಬಂದಿರಲಿಲ್ಲ. ಒಂದು ಸಾರಿ ಬಳಸಿ ಮುಗಿಯುವ ರಾಸಾಯನಿಕ ಸೆಲ್ಲುಗಳಿಂದಲೇ ಅದಕ್ಕೆ ವಿದ್ಯುತ್ ತುಂಬಬೇಕಿತ್ತು. 1881ರಲ್ಲಿ ಕಾಮೀಲ್ ಫೋರ್ ಸೀಸದ ಫಲಕಕ್ಕೆ ಆಕ್ಸೈಡಿನ ಹಿಟ್ಟು ಮೆತ್ತುವ ವಿಧಾನ ತಂದ ಮೇಲೆ ಬ್ಯಾಟರಿ ಕಾರ್ಖಾನೆಯ ಸರಕಾಯಿತು. ಅಷ್ಟರಲ್ಲಿ ಡೈನಮೋಗಳೂ ಬಂದಿದ್ದವು. ಏಕಮುಖ ವಿದ್ಯುತ್ತಿನ ಅಂದಿನ ವಿದ್ಯುದಾಗಾರಗಳಲ್ಲಿ ಡೈನಮೋ, ಬ್ಯಾಟರಿ, ಊರಿನ ದೀಪ ಮೂರನ್ನೂ ಒಂದೇ ಜೋಡಿ ತಂತಿಗೆ ಸಮಾಂತರವಾಗಿ ಕಟ್ಟುವುದು ರೂಢಿಯಾಯಿತು. ಸಂಜೆ ದೀಪಗಳ ಹೊರೆ ಹೆಚ್ಚಿದಾಗ ಬ್ಯಾಟರಿ ಕೈಜೋಡಿಸುತ್ತಿತ್ತು, ನಡುರಾತ್ರಿ ಡೈನಮೋ ನಿಲ್ಲಿಸಿದರೆ ತಾನೊಂದೇ ಉರಿಸುತ್ತಿತ್ತು. ಬ್ಯಾಟರಿ ಬಸಿದಂತೆ ವೋಲ್ಟೇಜ್ ಇಳಿಯುತ್ತದಲ್ಲ. ಆಗ ಕೊನೆಯಲ್ಲಿ ಕಾದಿರಿಸಿದ ಕೆಲವು ಸೆಲ್ಲುಗಳನ್ನು ಒಂದೊಂದಾಗಿ ಸೇರಿಸಲು ಹಿಡಿಕೆಯ ಸ್ವಿಚ್ ಇರುತ್ತಿತ್ತು. ಚಾರ್ಜ್ ಮಾಡುವಾಗ ವೋಲ್ಟೇಜ್ ಏರಿದರೆ ಅದೇ ಸೆಲ್ಲುಗಳನ್ನು ತೆಗೆಯುವುದು. ಇಂದಿನ ಚಿಪ್ ಮಾಡುವ ಕೆಲಸವನ್ನು ಆಗ ಒಬ್ಬ ಮನುಷ್ಯ ಮೀಟರ್ ಮುಂದೆ ನಿಂತು ಕೈಯಿಂದ ಮಾಡುತ್ತಿದ್ದ.

ಮನುಷ್ಯನಿಲ್ಲದೆ ಇದೇ ಕೆಲಸ ನಡೆಯಬೇಕಾಗಿ ಬಂದದ್ದು ರೈಲಿನಲ್ಲಿ. 1890ರ ದಶಕದಲ್ಲಿ ಇಂಗ್ಲೆಂಡಿನ ಜೆ. ಸ್ಟೋನ್ ಕಂಪನಿ ಬೋಗಿಯ ಅಚ್ಚಿಗೆ ಬೆಲ್ಟ್ ಹಾಕಿ ಡೈನಮೋ ತಿರುಗಿಸುವ ಪದ್ಧತಿ ತಂದಿತು. ರೈಲು ಓಡುವಾಗ ಡೈನಮೋ ದೀಪವನ್ನೂ ಉರಿಸಿ ಬ್ಯಾಟರಿಯನ್ನೂ ತುಂಬಬೇಕು, ನಿಲ್ದಾಣದಲ್ಲಿ ನಿಂತಾಗ ಬ್ಯಾಟರಿ ಉರಿಸಬೇಕು. ವೇಗ ಮಿತಿಮೀರಿದರೆ ಬೆಲ್ಟ್ ಜಾರಿ ಡೈನಮೋದ ವೇಗ ಹಿಡಿತದಲ್ಲಿ ಉಳಿಯುತ್ತಿತ್ತು. ವೇಗ ಕುಂದಿದಾಗ ಬ್ಯಾಟರಿಯ ವಿದ್ಯುತ್ ಹಿಮ್ಮುಖವಾಗಿ ಡೈನಮೋಗೆ ಹರಿದು ವ್ಯರ್ಥವಾಗದಂತೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ ಇತ್ತು. ನಮ್ಮ ರೈಲುಗಳಲ್ಲೂ 24 ವೋಲ್ಟಿನ ಇಂಥ ದೀಪವ್ಯವಸ್ಥೆ ಬಹುಕಾಲ ನಡೆಯಿತು. ಹಳೆಯ ಪ್ಯಾಸೆಂಜರ್ ಗಾಡಿಗಳಲ್ಲಿ ಓಡಾಡಿದವರಿಗೆ, ನಿಲ್ದಾಣದಲ್ಲಿ ನಿಂತೊಡನೆ ಕೆಂಪಗಾಗಿ ಮಂಕಾಗುವ ಬಲ್ಬುಗಳು ನೆನಪಿರಬಹುದು. ಮೂಲ ಹೋದಾಗ ಬ್ಯಾಟರಿ ಮೂಲದ ಕಡೆಗೆ ಹರಿಯದಂತೆ ತಡೆಯಬೇಕು ಎಂಬ ನಿಯಮವನ್ನು ಈ ಕ್ಷೇತ್ರಕ್ಕೆ ಗಟ್ಟಿಯಾಗಿ ಕಲಿಸಿದ್ದು ಆ ಸ್ವಿಚ್. ಮುಂದೆ ಕಾರಿನ ಡೈನಮೋದಲ್ಲೂ ಅದೇ ಕಟ್-ಔಟ್ ಬಂತು. ಸಿಲಿಕಾನ್ ಡಯೋಡ್ ಬಂದ ಮೇಲೆ ಆ ಕೆಲಸ ಡಯೋಡಿನದಾಯಿತು.

48 ವೋಲ್ಟಿನ ಪಾಠ

ಆದರೂ ಈ ಕ್ಷೇತ್ರದ ನಿಜವಾದ ಪಾಠಶಾಲೆ ಟೆಲಿಫೋನ್ ಎಕ್ಸ್‌ಚೇಂಜ್. ಊರಿನ ಕರೆಂಟು ಹೋದರೂ ಫೋನ್ ಸಾಯಬಾರದು ಎಂಬುದು ಅಲ್ಲಿ ಮೊದಲಿನಿಂದಲೂ ಇದ್ದ ಷರತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರತಿ ಮನೆಯ ಫೋನಿನೊಳಗಿದ್ದ ಬ್ಯಾಟರಿಯನ್ನು ತೆಗೆದು ಎಕ್ಸ್‌ಚೇಂಜಿನಲ್ಲೇ ಒಂದು ದೊಡ್ಡ ಬ್ಯಾಟರಿ ಇಡುವ ಪದ್ಧತಿ ಬಂತು. ಮೊದಮೊದಲು ಎರಡು ಬ್ಯಾಟರಿ ಇಡುತ್ತಿದ್ದರು: ಒಂದು ದುಡಿಯುವಾಗ ಇನ್ನೊಂದು ಚಾರ್ಜಿಗೆ. ಕ್ರಮೇಣ ಇದಕ್ಕಿಂತ ಸರಳವಾದ ಉಪಾಯ ನೆಲೆಗೊಂಡಿತು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಬ್ಯಾಟರಿ, ಎಕ್ಸ್‌ಚೇಂಜ್ ಮೂರನ್ನೂ ಸದಾಕಾಲ ಒಂದೇ ತಂತಿಗೆ ಕಟ್ಟಿ, ರೆಕ್ಟಿಫೈಯರಿನ ವೋಲ್ಟೇಜನ್ನು ಬ್ಯಾಟರಿಯ ಫ್ಲೋಟ್ ಮಟ್ಟದಲ್ಲಿ ನಿಲ್ಲಿಸುವುದು. 48 ವೋಲ್ಟಿನ ಎಕ್ಸ್‌ಚೇಂಜಿಗೆ 24 ಸೆಲ್, ಸೆಲ್ಲಿಗೆ 2.25ರಂತೆ 54 ವೋಲ್ಟ್. ಇಲ್ಲಿ ಸ್ವಿಚ್ ಇಲ್ಲ, ರಿಲೇ ಇಲ್ಲ, ಬದಲಾವಣೆಯ ಕ್ಷಣವೇ ಇಲ್ಲ. ಕರೆಂಟು ಹೋದರೆ ತಂತಿಯ ವೋಲ್ಟೇಜ್ 54ರಿಂದ 50ರ ಕಡೆಗೆ ಇಳಿಯುತ್ತದೆ, ಅಷ್ಟೇ. ಮಾತಾಡುತ್ತಿರುವವರಿಗೆ ಏನೂ ತಿಳಿಯುವುದಿಲ್ಲ.

ಯಂತ್ರವನ್ನೇ ಬ್ಯಾಟರಿಯ ಏರಿಳಿತಕ್ಕೆ ಹೊಂದುವಂತೆ ಕಟ್ಟಿದ್ದು ಇದರ ಜಾಣತನ. ಬ್ಯಾಟರಿಯನ್ನು ಯಂತ್ರಕ್ಕೆ ತಕ್ಕಂತೆ ಬಗ್ಗಿಸುವ ಬದಲು, ಬ್ಯಾಟರಿ ಎಷ್ಟು ಏರಿಳಿಯುತ್ತದೋ ಅಷ್ಟನ್ನೂ ತಡೆದುಕೊಳ್ಳುವಂತೆ ಯಂತ್ರ. ನನ್ನ ಮಟ್ಟಿಗೆ, ಇಂದಿಗೂ ಸಣ್ಣ ಸರ್ಕ್ಯೂಟುಗಳಿಗೆ ಇದನ್ನು ಮೀರಿಸಿದ ವಿಧಾನವಿಲ್ಲ.

ಈ ಪಾಠದ ಒಂದು ಮುಖ್ಯ ಅಧ್ಯಾಯ ಕನ್ನಡನಾಡಿನಲ್ಲೇ ನಡೆದಿದೆ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ದೇಶಕ್ಕೆ ಟೆಲಿಫೋನ್ ಉಪಕರಣಗಳನ್ನು ಒದಗಿಸುತ್ತಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟಿನ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ಅದನ್ನು ಮೊದಲು ಹಳ್ಳಿಗಾಡಿನಲ್ಲಿ ನಿಲ್ಲಿಸಿ ಪರೀಕ್ಷಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶೀ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು, ಇದಕ್ಕೆ ಬೇಡ. ಇದರ ಅರ್ಥ ದೊಡ್ಡದು. ಏರ್‌ಕಂಡೀಷನರ್ ಬೇಕೆಂದರೆ ಕರೆಂಟು ಹೋದಾಗ ಜನರೇಟರ್ ಬೇಕು, ಜನರೇಟರಿಗೆ ಡೀಸೆಲ್ ಬೇಕು, ನೋಡಿಕೊಳ್ಳಲು ಆಳು ಬೇಕು. ಏರ್‌ಕಂಡೀಷನರ್ ಬೇಡವಾದೊಡನೆ ಹಳ್ಳಿಯ ಒಂದು ಸಾಮಾನ್ಯ ಕೋಣೆಯಲ್ಲಿ ರೆಕ್ಟಿಫೈಯರ್ ಮತ್ತು ಬ್ಯಾಟರಿಯ ಬಲದ ಮೇಲೇ ಎಕ್ಸ್‌ಚೇಂಜ್ ನಿಲ್ಲಬಲ್ಲದು. ಬ್ಯಾಕಪ್ ಎಂದೊಡನೆ ದೊಡ್ಡ ಬ್ಯಾಟರಿಯನ್ನು ಯೋಚಿಸುವ ನಾವು, ಯಂತ್ರದ ಹಸಿವನ್ನು ಇಳಿಸುವುದೇ ಮೊದಲ ಹೆಜ್ಜೆ ಎಂಬುದನ್ನು ಕಿತ್ತೂರಿನಿಂದ ಕಲಿಯಬೇಕು.

ಇದೇ ಪದ್ಧತಿಯ ಬಿಗಿಯಾದ ರೂಪ ವಿದ್ಯುತ್ ಸಬ್‌ಸ್ಟೇಷನ್ನುಗಳಲ್ಲಿದೆ. ಅಲ್ಲಿ ಲೈನಿನಲ್ಲಿ ದೋಷ ಕಂಡಾಗ ಬ್ರೇಕರನ್ನು ಟ್ರಿಪ್ ಮಾಡಲು 110 ಅಥವಾ 220 ವೋಲ್ಟಿನ ಬ್ಯಾಟರಿ ಸದಾ ಸಜ್ಜಾಗಿರಬೇಕು. ಊರಿಗೆಲ್ಲ ಕರೆಂಟು ಕೊಡುವ ಜಾಗದಲ್ಲೇ ಕರೆಂಟು ಹೋಗುವ ಸಂದರ್ಭಕ್ಕೆ ಅದು ಬೇಕು. ಅಲ್ಲಿನವರು ಬಳಸುವ ಉಪಕರಣದ ಹೆಸರೇ ‘ಫ್ಲೋಟ್-ಕಮ್-ಬೂಸ್ಟ್ ಚಾರ್ಜರ್’. ಮಾಮೂಲಿ ದಿನ ಫ್ಲೋಟ್ ಚಾರ್ಜರ್ ಬ್ಯಾಟರಿಯನ್ನೂ ಲೋಡನ್ನೂ (ಅಂದರೆ ನಡೆಯಬೇಕಾದ ಯಂತ್ರವನ್ನೂ) ಒಟ್ಟಿಗೆ ನೋಡಿಕೊಳ್ಳುತ್ತದೆ. ಬ್ಯಾಟರಿ ಖಾಲಿಯಾದ ಮೇಲೆ ಜೋರಾಗಿ ಚಾರ್ಜ್ ಮಾಡಬೇಕಾದಾಗ ವೋಲ್ಟೇಜ್ ಏರುತ್ತದೆ, ಅಷ್ಟನ್ನು ರಿಲೇಗಳು ತಾಳವು. ಆಗ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಬಿಟ್ಟುಕೊಂಡು ಬ್ಯಾಟರಿ ಬೂಸ್ಟ್ ಚಾರ್ಜರಿನ ಪಾಲಾಗುತ್ತದೆ, ಲೋಡು ಫ್ಲೋಟ್ ಚಾರ್ಜರಿನ ಬಳಿಯೇ ಉಳಿಯುತ್ತದೆ. ಆ ಹೊತ್ತಿಗೇ ಸರಬರಾಜು ನಿಂತರೆ? ಅದಕ್ಕೂ ಉತ್ತರವಿದೆ. ಬ್ಯಾಟರಿ ಸಾಲಿನ ನಡುವಿನ ಒಂದು ಸೆಲ್ಲಿನಿಂದ ಡಯೋಡ್ ಮೂಲಕ ಲೋಡಿಗೆ ಒಂದು ತಂತಿ ಎಳೆದಿರುತ್ತಾರೆ. ಮಾಮೂಲಿಯಾಗಿ ಅದರಲ್ಲಿ ಏನೂ ಹರಿಯುವುದಿಲ್ಲ. ಫ್ಲೋಟ್ ಚಾರ್ಜರ್ ಸತ್ತ ಕ್ಷಣ ಆ ಡಯೋಡ್ ಲೋಡನ್ನು ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಕಾಂಟ್ಯಾಕ್ಟರ್ ಮುಚ್ಚಿಕೊಂಡು ಪೂರ್ತಿ ಬ್ಯಾಟರಿ ಸೇರುತ್ತದೆ. ಇಷ್ಟು ಮುಂದಾಲೋಚನೆಯ ಸರ್ಕ್ಯೂಟನ್ನು ನೋಡಿದಾಗಲೆಲ್ಲ ಅದನ್ನು ರೂಪಿಸಿದವರ ಮೇಲೆ ಗೌರವ ಹೆಚ್ಚುತ್ತದೆ.

ಚಿಪ್ಪು ಬಂತು, ಹೊಸ ತಪ್ಪೂ ಬಂತು

ಎಸಿಯನ್ನು ಡಿಸಿ ಮಾಡುವ ಸಾಧನಗಳು ಇಪ್ಪತ್ತನೇ ಶತಮಾನದುದ್ದಕ್ಕೂ ಬದಲಾದವು: ಪಾದರಸದ ಆರ್ಕ್, ತಾಮ್ರದ ಆಕ್ಸೈಡ್, ಸೆಲೆನಿಯಂ, ಕೊನೆಗೆ ಸಿಲಿಕಾನ್. ಬ್ಯಾಟರಿಯೂ ಬದಲಾಯಿತು. 1950ರ ದಶಕದ ಕೊನೆಗೆ ಜರ್ಮನಿಯ ಸೊನ್ನೆನ್‌ಶೈನ್ ಕಂಪನಿ ಆಮ್ಲವನ್ನು ಜೆಲ್ ಮಾಡಿ ತುಂಬಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಗೇಟ್ಸ್ ಕಂಪನಿ ಗಾಜಿನ ನಾರಿನ ಹಾಳೆಯಲ್ಲಿ ಆಮ್ಲವನ್ನು ಹೀರಿಸಿಟ್ಟ ಬ್ಯಾಟರಿ ತಂದಿತು. ನೀರು ಹಾಕಬೇಕಿಲ್ಲ, ಮಗುಚಿದರೂ ಚೆಲ್ಲದು. ಬ್ಯಾಟರಿ ಹೊರಗಿನ ಕೋಣೆ ಬಿಟ್ಟು ಯಂತ್ರದ ಡಬ್ಬಿಯೊಳಕ್ಕೇ ಬಂದು ಕೂತಿತು. ಅನುಕೂಲದ ಜೊತೆಗೆ ಒಂದು ಅಪಾಯವೂ ಬಂತು. ಹಳೆಯ ಬ್ಯಾಟರಿಗೆ ಅತಿಯಾಗಿ ಚಾರ್ಜಾದರೆ ನೀರು ಹಾಕಿ ಬದುಕಿಸಬಹುದಿತ್ತು. ಸೀಲ್ಡ್ ಬ್ಯಾಟರಿಯಲ್ಲಿ ಕವಾಟದಿಂದ ಹೋದ ನೀರು ಹೋದಂತೆಯೇ.

1960ರ ದಶಕದ ಕೊನೆಯ 723, ಮುಂದೆ ಎಲ್‌ಎಂ317ನಂಥ ರೆಗ್ಯುಲೇಟರ್ ಚಿಪ್ಪುಗಳು ಬಂದ ಮೇಲೆ ಫ್ಲೋಟ್ ಚಾರ್ಜರ್ ಮಾಡುವುದು ಕಾಲೇಜು ಹುಡುಗರ ಪ್ರಾಜೆಕ್ಟಾಯಿತು. ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್, ಒಂದು ಚಿಪ್, ವೋಲ್ಟೇಜ್ ಹೊಂದಿಸಲು ಪ್ರಿಸೆಟ್. 1980ರ ದಶಕದಲ್ಲಿ ಯೂನಿಟ್ರೋಡ್ ಕಂಪನಿಯ ಯುಸಿ3906 ಇನ್ನೂ ಮುಂದೆ ಹೋಯಿತು. ಮೊದಲು ಹೆಚ್ಚಿನ ವೋಲ್ಟೇಜಿನಲ್ಲಿ ಬೇಗ ತುಂಬಿಸಿ, ಕರೆಂಟ್ ಸಾಕಷ್ಟು ಇಳಿದೊಡನೆ ಬ್ಯಾಟರಿ ತುಂಬಿತೆಂದು ತಿಳಿದು ಫ್ಲೋಟಿಗೆ ಇಳಿಯುವ ಎರಡು ಹಂತದ ಚಾರ್ಜಿಂಗ್. ಬೇಗ ತುಂಬುವ ಅನುಕೂಲವೂ ಉಂಟು, ಒಣಗದಿರುವ ಕ್ಷೇಮವೂ ಉಂಟು.

ಆದರೆ ಯಂತ್ರವನ್ನೂ ಬ್ಯಾಟರಿಯ ತುದಿಗೇ ಕಟ್ಟಿದಾಗ ಈ ಜಾಣ ಚಾರ್ಜರ್ ದಾರಿ ತಪ್ಪುತ್ತದೆ. ಲೆಕ್ಕ ಹಾಕಿ ನೋಡೋಣ. 7 ಆಂಪಿಯರ್-ಅವರ್ ಬ್ಯಾಟರಿಗೆ ಕಟ್ಟಿದ ಚಾರ್ಜರ್, ಕರೆಂಟ್ 0.35 ಆಂಪಿಯರಿಗಿಂತ ಕೆಳಗಿಳಿದರೆ ಬ್ಯಾಟರಿ ತುಂಬಿತೆಂದು ಭಾವಿಸುವಂತೆ ಹೊಂದಿಸಿದೆ ಎನ್ನಿ. ಅದೇ ತುದಿಗೆ 0.6 ಆಂಪಿಯರ್ ಎಳೆಯುವ ರೂಟರ್ ಇದೆ. ಬ್ಯಾಟರಿ ಪೂರ್ತಿ ತುಂಬಿ ಒಂದು ಹನಿಯನ್ನೂ ತೆಗೆದುಕೊಳ್ಳದಿದ್ದರೂ ಚಾರ್ಜರಿನಿಂದ 0.6 ಆಂಪಿಯರ್ ಹೋಗುತ್ತಲೇ ಇರುತ್ತದೆ. ಅದು ರೂಟರಿನದೋ ಬ್ಯಾಟರಿಯದೋ ಚಾರ್ಜರಿಗೆ ತಿಳಿಯದು. ಹಾಗಾಗಿ 14.5 ವೋಲ್ಟಿನಲ್ಲೇ ಹಗಲೂ ರಾತ್ರಿ ನಿಂತುಬಿಡುತ್ತದೆ. ಕೆಲವು ತಿಂಗಳಲ್ಲಿ ಬ್ಯಾಟರಿಯ ಹೊಟ್ಟೆ ಉಬ್ಬುತ್ತದೆ, ಬ್ಯಾಕಪ್ ಹತ್ತು ನಿಮಿಷಕ್ಕೆ ಇಳಿಯುತ್ತದೆ. ‘ಈ ಬ್ಯಾಟರಿ ಸರಿಯಿಲ್ಲ’ ಎಂಬ ಮಾತು ಹುಟ್ಟುವುದು ಹೀಗೆ.

ಇದಕ್ಕೆ ಪರಿಹಾರಗಳು ಬೇರೆಬೇರೆ ದಿಕ್ಕಿನಿಂದ ಬಂದವು. ಬ್ಯಾಟರಿಯ ತಂತಿಯಲ್ಲಷ್ಟೇ ಪುಟ್ಟ ಶಂಟ್ ರೆಸಿಸ್ಟರ್ ಇಟ್ಟು ಬ್ಯಾಟರಿಯ ಕರೆಂಟನ್ನು ಮಾತ್ರ ಅಳೆಯುವುದು ಒಂದು. ಇನ್ನೊಂದು, ದಾರಿಗಳನ್ನೇ ಬೇರೆ ಮಾಡುವುದು. 15 ವೋಲ್ಟಿನ ಅಡಾಪ್ಟರಿನಿಂದ ಒಂದು ಕವಲು ಡಯೋಡ್ ಮೂಲಕ ಲೋಡಿಗೆ, ಇನ್ನೊಂದು ಕವಲು ಚಾರ್ಜರ್ ಮೂಲಕ ಬ್ಯಾಟರಿಗೆ. ಬ್ಯಾಟರಿಯಿಂದ ಲೋಡಿಗೆ ಮತ್ತೊಂದು ಡಯೋಡ್. ಕರೆಂಟು ಇರುವಾಗ ಲೋಡಿನ ಕಡೆ ವೋಲ್ಟೇಜ್ ಹೆಚ್ಚಿರುವುದರಿಂದ ಬ್ಯಾಟರಿಯ ಡಯೋಡ್ ಮುಚ್ಚಿರುತ್ತದೆ, ಚಾರ್ಜರಿಗೆ ಕಾಣುವುದು ಬ್ಯಾಟರಿ ಮಾತ್ರ. ಕರೆಂಟು ಹೋದೊಡನೆ ಆ ಡಯೋಡ್ ತಾನಾಗಿ ತೆರೆದುಕೊಳ್ಳುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡ್ 0.7 ವೋಲ್ಟ್ ತಿನ್ನುತ್ತದೆ, ಶಾಟ್ಕಿ ಡಯೋಡ್ ಅದರ ಅರ್ಧದಷ್ಟು. ಇಂದು ಮಾಸ್‌ಫೆಟ್ ಬಳಸಿ ಬಹುತೇಕ ನಷ್ಟವೇ ಇಲ್ಲದಂತೆ ಇದೇ ಕೆಲಸ ಮಾಡಿಸುತ್ತಾರೆ. ಲೋಡಿನ ಮುಂದೆ 10ರಿಂದ 15 ವೋಲ್ಟಿನವರೆಗೆ ಏನು ಬಂದರೂ 12 ಕೊಡುವ ಕನ್ವರ್ಟರ್ ಇಟ್ಟರೆ ರೂಟರಿಗೆ ಏರಿಳಿತದ ಚಿಂತೆಯಿಲ್ಲ.

ಬ್ಯಾಟರಿ ಪೂರ್ತಿ ಬಸಿಯುವ ಮೊದಲೇ ಲೋಡನ್ನು ಕಡಿಯುವ ವ್ಯವಸ್ಥೆಯೂ ಅಷ್ಟೇ ಮುಖ್ಯ. 11 ವೋಲ್ಟಿನ ಹತ್ತಿರ ಕಡಿಯಬೇಕು. ಹೊರೆ ತಪ್ಪಿದೊಡನೆ ಬ್ಯಾಟರಿಯ ವೋಲ್ಟೇಜ್ ತುಸು ಚೇತರಿಸಿಕೊಳ್ಳುತ್ತದೆ. ಅದನ್ನು ನಂಬಿ ಮತ್ತೆ ಜೋಡಿಸಿದರೆ ಲೋಡು ಕ್ಷಣಕ್ಕೊಮ್ಮೆ ಆನ್ ಆಫ್ ಆಗುತ್ತ ಒದ್ದಾಡುತ್ತದೆ. ಆದ್ದರಿಂದ ಮರುಜೋಡಣೆಯ ಮಟ್ಟ 12.5ರ ಮೇಲಿರಬೇಕು.

ಮನೆಯ ‘ಯುಪಿಎಸ್’

ನಮ್ಮಲ್ಲಿ ಯುಪಿಎಸ್ ಎಂದೇ ಕರೆಯುವ ಮನೆಯ ಇನ್ವರ್ಟರ್ ಈ ಕಥೆಯಲ್ಲಿ ಬೇರೊಂದು ಕವಲು. ಕರೆಂಟು ಇರುವಾಗ ರಿಲೇ ಮೂಲಕ ಅದನ್ನೇ ನೇರ ಮನೆಗೆ ಬಿಡುತ್ತದೆ, ಒಳಗಿನ ಟ್ರಾನ್ಸ್‌ಫಾರ್ಮರ್ ಬ್ಯಾಟರಿ ತುಂಬಿಸುತ್ತದೆ. ಕರೆಂಟು ಹೋದಾಗ ಅದೇ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ಕೆಲಸ ಮಾಡಿ ಬ್ಯಾಟರಿಯಿಂದ 230 ವೋಲ್ಟ್ ತೆಗೆಯುತ್ತದೆ. ಲೋಡಿನ ದಾರಿ ಬೇರೆ, ಚಾರ್ಜಿನ ದಾರಿ ಬೇರೆಯಾದ್ದರಿಂದ ಮೇಲೆ ಹೇಳಿದ ಗೊಂದಲ ಇಲ್ಲಿಲ್ಲ. ಫ್ಯಾನು, ದೀಪ, ಮಿಕ್ಸಿಗೆ ಇದು ಸರಿಯೇ. ಆದರೆ 7 ವ್ಯಾಟಿನ ರೂಟರಿಗಾಗಿ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡಿ, ಮತ್ತೆ ಅಡಾಪ್ಟರಿನಲ್ಲಿ 12 ವೋಲ್ಟ್ ಡಿಸಿ ಮಾಡುವುದು ದುಂದು. ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಇನ್ವರ್ಟರ್ ತಾನು ಬರಿದೇ ಆನ್ ಆಗಿರಲು ತಿನ್ನುವುದೇ ರೂಟರಿನ ಪಾಲಿಗಿಂತ ಹೆಚ್ಚಾಗಿಬಿಡಬಹುದು. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠ, ಮನೆಯಿಂದ ಕೆಲಸ ಎಂದು ಕೊಡಗಿನ ಮಕ್ಕಳೂ ಉದ್ಯೋಗಿಗಳೂ ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ್ದನ್ನು ಕಂಡಿದ್ದೇವೆ. ಅಂಥ ಮನೆಗಳಿಗೆ ಫೈಬರ್ ಬಂದ ಮೇಲೆ ಬೇಕಾದದ್ದು ಇನ್ನೂ ದೊಡ್ಡ ಇನ್ವರ್ಟರ್ ಅಲ್ಲ, ನೇರ ಡಿಸಿ ಬ್ಯಾಕಪ್.

ಇಲ್ಲೊಂದು ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. 1 ಆಂಪಿಯರಿನ ಅಡಾಪ್ಟರಿನಿಂದಲೇ ರೂಟರ್ ನಡೆಸಿ ಬ್ಯಾಟರಿಯನ್ನೂ ತುಂಬಿಸಲು ಹೊರಟರೆ, ರೂಟರ್ 0.6 ತಿಂದ ಮೇಲೆ ಬ್ಯಾಟರಿಗೆ ಉಳಿಯುವುದು 0.4. ಖಾಲಿಯಾದ 7 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಬರುವುದೇ ದಿನಕ್ಕೆ ಐದಾರು ಗಂಟೆಯಾದರೆ ಆ ಬ್ಯಾಟರಿ ಎಂದಿಗೂ ತುಂಬುವುದಿಲ್ಲ, ಅರೆಹೊಟ್ಟೆಯಲ್ಲೇ ಸಲ್ಫೇಷನ್ ಹಿಡಿದು ಸಾಯುತ್ತದೆ. ಮೂಲದ ಸಾಮರ್ಥ್ಯ ಲೋಡಿನ ಕರೆಂಟಿಗೆ ಬ್ಯಾಟರಿ ಸಾಮರ್ಥ್ಯದ ಐದನೇ ಒಂದು ಭಾಗವನ್ನಾದರೂ ಕೂಡಿಸಿದಷ್ಟಿರಲಿ: ಇಲ್ಲಿ 2 ಆಂಪಿಯರ್. ಹಳ್ಳಿಯ ಲೋ ವೋಲ್ಟೇಜೂ ಇದೇ ಹಾನಿ ಮಾಡುತ್ತದೆ. ಮನೆಗೆ 170 ವೋಲ್ಟ್ ಬರುತ್ತಿದ್ದರೆ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರಿನ ದೀಪ ಉರಿಯುತ್ತಿದ್ದರೂ ಬ್ಯಾಟರಿಗೆ ಏನೂ ಹೋಗುತ್ತಿರುವುದಿಲ್ಲ. 100ರಿಂದ 240 ವೋಲ್ಟಿನವರೆಗೂ ಕೆಲಸ ಮಾಡುವ ಎಸ್‌ಎಂಪಿಎಸ್ ಅಡಾಪ್ಟರ್ ಈ ವಿಷಯದಲ್ಲಿ ದೊಡ್ಡ ವರ.

ಬಿಸಿಲು, ಮಳೆ, ಕೊಡಗಿನ ತಂಪು

ಲೈನೇ ತಲುಪದ ಮನೆಗಳಿಗೆ ಸೌರ ಫಲಕ ಬಂತು. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಕಟ್ಟಿದ ಸೆಲ್ಕೋ ಸಂಸ್ಥೆ, ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿ ಮನೆಗಳಿಗೆ ಸೌರದೀಪ ಕೊಂಡೊಯ್ದಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ದೀಪಗಳ ಹಿಂದೆ ಇದ್ದದ್ದೂ ಲೆಡ್-ಆಸಿಡ್ ಬ್ಯಾಟರಿ, ಜೊತೆಗೊಂದು ಚಾರ್ಜ್ ಕಂಟ್ರೋಲರ್. ಫಲಕ, ಬ್ಯಾಟರಿ, ಲೋಡು ಮೂರಕ್ಕೂ ಪ್ರತ್ಯೇಕ ಜೋಡಿ ತಿರುಪುಗಳಿರುವ ಆ ಡಬ್ಬಿ ಈ ಚರಿತ್ರೆಯನ್ನೆಲ್ಲ ಅಂಗೈಯಗಲಕ್ಕೆ ಇಳಿಸಿದೆ: ಹೆಚ್ಚಾದರೆ ತಡೆ, ಕಡಿಮೆಯಾದರೆ ಕಡಿ, ರಾತ್ರಿ ಫಲಕದ ಕಡೆಗೆ ಹಿಮ್ಮುಖ ಹರಿವು ಬೇಡ. 1988ರಲ್ಲಿ ಬರ ಮೇಲ್ವಿಚಾರಣಾ ಕೋಶವಾಗಿ ಹುಟ್ಟಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳೂ ಸೌರ ಫಲಕ, ಬ್ಯಾಟರಿಗಳ ಬಲದಿಂದಲೇ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಆದರೆ ಕೊಡಗಿನಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಬಯಲುಸೀಮೆಯ ಲೆಕ್ಕದಲ್ಲಿ ಕೊಟ್ಟ ಫಲಕ, ಬ್ಯಾಟರಿ ಇಲ್ಲಿ ಸಾಲದು. ಬ್ಯಾಟರಿ ಹೆಚ್ಚು ಬೇಕಾಗುವುದೂ ಅದಕ್ಕೆ ಊಟ ಕಡಿಮೆಯಾಗುವುದೂ ಒಂದೇ ತಿಂಗಳಲ್ಲಿ. 2018ರ ಆಗಸ್ಟ್ ನಡುವಿನಲ್ಲಿ ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದಾಗ ಇದರ ಕ್ರೂರ ರೂಪ ಕಂಡಿತು. ಕರೆಂಟು ಹೋಯಿತು, ಮೊಬೈಲ್ ಸಂಪರ್ಕ ಕಡಿಯಿತು. ಟವರಿನ 48 ವೋಲ್ಟಿನ ಬ್ಯಾಟರಿ ಕೆಲವು ಗಂಟೆಗಳಿಗೆಂದು ಇಟ್ಟದ್ದು. ಆಮೇಲೆ ಜನರೇಟರ್ ಎಂಬ ನಂಬಿಕೆ. ರಸ್ತೆಯೇ ಕುಸಿದ ಕಡೆ ಡೀಸೆಲ್ ತಲುಪಿಸುವುದು ಹೇಗೆ? ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಜನ ಒದ್ದಾಡಿದ ದಿನಗಳವು. ಗುಡ್ಡಗಾಡಿನ ಟವರುಗಳ ಬ್ಯಾಟರಿಯನ್ನು ಗಂಟೆಗಳ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ ಇಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ತಂಪಿನ ವಿಷಯವೂ ಇದೆ. ಬ್ಯಾಟರಿಯ ಮೇಲಿನ ವೋಲ್ಟೇಜ್ 25 ಡಿಗ್ರಿ ಉಷ್ಣತೆಗೆ ಹೇಳಿದ್ದು. ಒಂದು ಡಿಗ್ರಿ ಇಳಿದರೆ ಪ್ರತಿ ಸೆಲ್ಲಿಗೆ 3ರಿಂದ 4 ಮಿಲಿವೋಲ್ಟ್ ಹೆಚ್ಚು ಬೇಕು. ಆ ಯುಸಿ3906 ಚಿಪ್ಪಿನೊಳಗೇ 3.9 ಮಿಲಿವೋಲ್ಟಿನ ಈ ಹೊಂದಾಣಿಕೆ ಇತ್ತು. ಮಳೆಗಾಲದಲ್ಲಿ ಗಾಳಿಬೀಡಿನ ಕೋಣೆಯೊಳಗೆ 18 ಡಿಗ್ರಿ ಇದ್ದರೆ ಏಳು ಡಿಗ್ರಿಯ ವ್ಯತ್ಯಾಸ, ಆರು ಸೆಲ್, 4 ಮಿಲಿವೋಲ್ಟ್: ಒಟ್ಟು ಸುಮಾರು 0.17 ವೋಲ್ಟ್. 25 ಡಿಗ್ರಿಗೆ 13.6 ಸರಿಯಾದರೆ ಇಲ್ಲಿ 13.8ರ ಹತ್ತಿರ ಬೇಕು. ಬಿಸಿಲೂರಿಗೆಂದು 13.4ಕ್ಕೆ ಹೊಂದಿಸಿದ ಚಾರ್ಜರನ್ನು ತಂದು ಇಲ್ಲಿ ಗೋಡೆಗೆ ಹಾಕಿದರೆ ಬ್ಯಾಟರಿ ವರ್ಷವಿಡೀ ಹಸಿದೇ ಇರುತ್ತದೆ. ಬದಲಿಗೆ ಸರಿಯಾದ ವೋಲ್ಟೇಜ್ ಕೊಟ್ಟರೆ ಕೊಡಗು ಈ ಬ್ಯಾಟರಿಗೆ ಹೇಳಿ ಮಾಡಿಸಿದ ಜಾಗ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಅರ್ಧವಾಗುತ್ತದೆ ಎಂಬುದು ತಜ್ಞರ ಸ್ಥೂಲ ಲೆಕ್ಕ. ರಾಯಚೂರಿನಲ್ಲಿ ಬೇಗ ಸಾಯುವ ಬ್ಯಾಟರಿ ಮಡಿಕೇರಿಯಲ್ಲಿ ಹೆಚ್ಚು ವರ್ಷ ಬಾಳಬೇಕು.

ಈಗ ಲಿಥಿಯಂ ಬಂದಿದೆ. ಟವರುಗಳಲ್ಲಿ, ಇನ್ವರ್ಟರುಗಳಲ್ಲಿ, ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್‌ಗಳಲ್ಲಿ ಅದು ಸೀಸವನ್ನು ಹಿಂದೆ ಸರಿಸುತ್ತಿದೆ. ಅರೆತುಂಬಿದ ಸ್ಥಿತಿಯಲ್ಲಿದ್ದರೂ ಅದಕ್ಕೆ ಸಲ್ಫೇಷನ್ ಇಲ್ಲ, ಹಾಗಾಗಿ ನಮ್ಮ ಮಳೆಗಾಲಕ್ಕೆ ಅದು ನಿಜಕ್ಕೂ ಒಪ್ಪುತ್ತದೆ. ಆದರೆ ಸೀಸದ ಚಾರ್ಜರಿಗೆ ಲಿಥಿಯಂ ಬ್ಯಾಟರಿ ಸಿಕ್ಕಿಸುವುದು ಸಲ್ಲ. ಅದರ ಮಿತಿಗಳೇ ಬೇರೆ, ಪ್ರತಿ ಸೆಲ್ಲನ್ನೂ ಕಾಯುವ ಸರ್ಕ್ಯೂಟ್ ಕಡ್ಡಾಯ. ಸದಾ ಕರೆಂಟಿಗೆ ಕಟ್ಟಿಟ್ಟು ಅಪರೂಪಕ್ಕೆ ಬಳಸುವ ಕಡೆ, ದುಡ್ಡು ಕಡಿಮೆಯಿರುವ ಕಡೆ, ಊರಿನ ಅಂಗಡಿಯಲ್ಲೇ ಬದಲಿ ಸಿಗಬೇಕಾದ ಕಡೆ ಸೀಸದ ಬ್ಯಾಟರಿ ಇನ್ನೂ ಬಹುಕಾಲ ಇರುತ್ತದೆ.

ಹಾಗಾಗಿ 12 ವೋಲ್ಟಿನ ಸೀಸದ ಬ್ಯಾಟರಿ ಇಟ್ಟುಕೊಂಡ ಪ್ರತಿಯೊಬ್ಬರಲ್ಲೂ ಒಂದು ಕೋರಿಕೆ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಒಂದು ಮಲ್ಟಿಮೀಟರ್ ತೆಗೆದುಕೊಂಡು ಯಂತ್ರ ನಡೆಯುತ್ತಿರುವಾಗಲೇ ಬ್ಯಾಟರಿಯ ತುದಿಯ ವೋಲ್ಟೇಜ್ ನೋಡಿ. ಕರೆಂಟು ಒಂದು ದಿನ ಹೋಗದೆ ಇದ್ದ ಮೇಲೂ 14ರ ಮೇಲಿದ್ದರೆ ಚಾರ್ಜರ್ ಬ್ಯಾಟರಿಯನ್ನು ಒಣಗಿಸುತ್ತಿದೆ; 13.4ರ ಕೆಳಗಿದ್ದರೆ ಹಸಿವಿನಲ್ಲಿಟ್ಟಿದೆ. ಎರಡರಲ್ಲಿ ಯಾವುದಿದ್ದರೂ ಮೊದಲು ಚಾರ್ಜರನ್ನು ಸರಿಪಡಿಸಿ, ಬ್ಯಾಟರಿ ಬದಲಾಯಿಸುವುದು ಆಮೇಲಿನ ಮಾತು. ಬದಲಾಯಿಸಲೇಬೇಕಾಗಿ ಬಂದರೆ ಹಳೆಯದನ್ನು ತೋಟದ ಮೂಲೆಯಲ್ಲಿ ಬಿಸಾಡದೆ, ಗುಜರಿಗೂ ಹಾಕದೆ, ಹೊಸದು ಕೊಂಡ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಅದನ್ನು ತಯಾರಿಸಿ ಮಾರಿದ ಕಂಪನಿಯದು.